ಕಾರಿನ ಕೀ ಕೊಟ್ಟಿದ್ದು ಯಾರು?

ಜಯನಗರದಿಂದ ಓದುಗರೊಬ್ರು ಬರೆದಿದಾರೆ, ಪುಣೆ ಪೋರ್ಶೆ ಕೇಸ್ ಬಗ್ಗೆ ನಾವು ಹಾಕಿದ ಲೇಖನ ಓದಿ ಅವರಿಗೆ ಬೇಜಾರಾಗಿದೆ. ದುಡ್ಡಿರೋರ ಮಕ್ಕಳು ಅಂದ್ರೆ ನಿಮಗೆ ಹೊಟ್ಟೆಕಿಚ್ಚು, ಅವರು ಖರ್ಚು ಮಾಡೋದ್ರಿಂದಾನೇ ಸಿಟೀಲಿ ಎಷ್ಟೋ ಜನರ ಹೊಟ್ಟೆ ತುಂಬ್ತಿದೆ ಅಂತಾರೆ. ಕೊನೇಲಿ ಇನ್ನೊಂದು ಮಾತು, ತಮ್ಮ ಅಪಾರ್ಟ್‌ಮೆಂಟಲ್ಲೂ ಹದಿನಾರು ವರ್ಷದ ಹುಡುಗ ಕಾರ್ ಓಡಿಸ್ತಾನಂತೆ, ಅವನೇನು ಕೆಟ್ಟೋನಲ್ಲ ಅಂತ.

ಸಾರ್, ಖರ್ಚು ಮಾಡ್ಲಿ, ಯಾರು ಬೇಡ ಅಂದ್ರು. ಆ ಹುಡುಗ ಒಳ್ಳೇವ್ನೇ ಇರಬಹುದು, ಅದನ್ನೂ ಒಪ್ತೀನಿ. ನನ್ನ ಸಿಟ್ಟೆಲ್ಲ ಕೀ ಕೊಟ್ಟೋರ ಮೇಲೆ.

ಪುಣೇಲಿ ಏನಾಯ್ತು ನೋಡಿ. 2024ರ ಮೇ 19, ಬೆಳಗಿನ ಜಾವ 2.30ರ ಸುಮಾರು, ಕಲ್ಯಾಣಿನಗರ. ಪೋರ್ಶೆ ಕಾರು ಬೈಕಿಗೆ ಗುದ್ದಿತು. ಕಾರು ಓಡಿಸ್ತಿದ್ದೋನಿಗೆ 17, ಬೈಕಲ್ಲಿದ್ದ ಇಬ್ರು ಇಂಜಿನಿಯರ್‌ಗಳಿಗೆ 24, ಇಬ್ರೂ ಸತ್ತೋದ್ರು. 15 ಗಂಟೆ ಒಳಗೆ ಬೇಲ್, ಆಕ್ಸಿಡೆಂಟ್ ಬಗ್ಗೆ 300 ಪದದ ಪ್ರಬಂಧ ಬರಿ ಅಂತ ಕಂಡೀಷನ್ (ಊರೆಲ್ಲ ರೊಚ್ಚಿಗೆದ್ದ ಮೇಲೆ ಆ ಆರ್ಡರ್ ಬದಲಾಯ್ತು). ಕಾರು ನಮ್ಮ ಬೆಂಗಳೂರಿಂದಾನೇ ಹೋಗಿದ್ದು, ಟೆಂಪರರಿ ರಿಜಿಸ್ಟ್ರೇಷನ್ ಕರ್ನಾಟಕದ್ದು, ಪರ್ಮನೆಂಟ್ ಮಾಡಿಸೋಕೆ ಕಟ್ಟಬೇಕಿದ್ದ ಫೀಸು 1,758 ರೂಪಾಯಿ ಹಾಗೇ ಬಾಕಿ ಇತ್ತು. ಆಮೇಲೆ ರಕ್ತದ ಸ್ಯಾಂಪಲ್ ಬದಲಾಯಿಸಿದ ಆರೋಪ ಬಂತು, ಮನೆ ಡ್ರೈವರ್‌ನ ಕೂಡಿಹಾಕಿ ತಪ್ಪು ನಿಂದೇ ಅಂತ ಒಪ್ಕೋ ಅಂದ್ರು ಅನ್ನೋ ಆರೋಪಾನೂ ಬಂತು. ನನಗೆ ನಿದ್ದೆ ಕೆಡಿಸಿದ್ದು ಈ ಡ್ರೈವರ್ ವಿಷಯ.

ಯಾಕಂದ್ರೆ ಅಂಥೋರನ್ನ ನಾನು ದಿನಾ ನೋಡ್ತೀನಿ. ನಮ್ಮನೆ ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್, ರಾಯಚೂರು ಕಡೆಯೋರು, ಅರವತ್ತು ದಾಟಿದೆ. ರಾತ್ರಿ ಒಂದೂವರೆಗೆ ಹಾರ್ನ್ ಬೀಳುತ್ತೆ, ತಲೆಗೆ ಸುತ್ಕೊಂಡ ಟವೆಲ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಎದ್ದು ಬರ್ತಾರೆ, ಒಂದು ಕೈಲಿ ಗೇಟು, ಇನ್ನೊಂದು ಕೈಲಿ ಸೆಲ್ಯೂಟು, ಒಳಗೆ ಕೂತಿರೋನು ಮೀಸೆ ಚಿಗುರದ ಹುಡುಗ. ಅವರಪ್ಪಂಗೆ ಒಂದ್ಮಾತು ಹೇಳಬಾರದಾ ಅಂತ ಕೇಳಿದೆ. "ಅವರಪ್ಪನೇ ಸಾರ್ ನಮ್ ಸೆಕ್ರೆಟರಿ" ಅಂದ್ರು, ಚೇರ್ ಎಳ್ಕೊಂಡು ಕೂತ್ರು.

ಇನ್ನು ಸ್ವಂತ ಮಕ್ಕಳಾದ್ರೂ ಉಳಿತಾರಾ? 2021ರ ಆಗಸ್ಟ್ ಕೊನೇಲಿ ಕೋರಮಂಗಲದಲ್ಲಿ ಆಕ್ಸಿಡೆಂಟ್ ಆದ ಆಡಿ ಕಾರಲ್ಲಿದ್ದ ಏಳೂ ಜನ ಸತ್ತೋದ್ರಲ್ಲ, ಎಲ್ಲಾ ಎಳೇ ವಯಸ್ಸಿನೋರು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 199ಎ ಅಂತ ಒಂದು ಸೆಕ್ಷನ್ ಸೇರಿಸಿದಾರೆ. ಮೈನರ್ ಗಾಡಿ ಓಡಿಸಿ ತಪ್ಪು ಮಾಡಿದ್ರೆ ಅಪ್ಪ-ಅಮ್ಮ ಅಥವಾ ಗಾಡಿ ಓನರ್‌ಗೆ 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ಕ್ಯಾನ್ಸಲ್, ಹುಡುಗನಿಗೆ 25 ತುಂಬೋವರೆಗೆ ಲೈಸೆನ್ಸ್ ಇಲ್ಲ. ನಿಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಇದನ್ನ ಓದಿ ಹೇಳಿ ಸಾರ್, ಆ ಹುಡುಗನ ಅಪ್ಪ ಎದುರಿಗೆ ಕೂತಿರುವಾಗಲೇ. ವಾಚ್‌ಮನ್ ಕೈಲಿ ಹೇಳಿಸ್ಬೇಡಿ, ನೀವೇ ಹೇಳಿ.