ಮೈಕ್ ಅನ್ನು ಮೋಟಾರಿನಿಂದ ಸರಿಸಿ ಸ್ಪೀಕರ್ ಅಳೆಯೋ ವ್ಯವಸ್ಥೆ ಮನೆಯಲ್ಲೇ ಮಾಡಬಹುದಾ?

ಕಲಬುರಗಿಯಲ್ಲಿ ಮನೆಯಲ್ಲೇ ಸ್ಪೀಕರ್ ಬಾಕ್ಸ್ ಕಟ್ಟುತ್ತೀರಿ, ಅಳೆಯುವಾಗ ಪ್ರತಿ ಸಲ ಎದ್ದು ಮೈಕ್ ಸರಿಸಿ ಸಾಕಾಗಿದೆ, ಆ ಕೆಲಸ ಮೋಟಾರಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಕಲಬುರಗಿಯವನೇ. ಮಾಳಿಗೆ ಮೇಲೆ ಇಂಥದ್ದೊಂದು ಮಾಡಿಕೊಂಡು ಬಳಸುತ್ತಿದ್ದೇನೆ.

ಸದ್ದು ಯಾವ ಕೋನಕ್ಕೆ ಎಷ್ಟು ಹೋಗುತ್ತದೆ ಅನ್ನೋದಷ್ಟೇ ಬೇಕಿದ್ದರೆ ಮೈಕ್ ಮುಟ್ಟಬೇಡಿ. ಸ್ಪೀಕರನ್ನೇ ತಿರುಗುವ ಹಲಗೆ ಮೇಲಿಡಿ, ಸುಲಭ. ಬಾಕ್ಸಿನ ಹತ್ತಿರವೇ ಹತ್ತಾರು ಕಡೆ ಅಳೆಯಬೇಕು ಅಂದರೆ ಮಾತ್ರ ಮೈಕ್ ಓಡಾಡಬೇಕು. ಜರ್ಮನಿಯ ಕ್ಲಿಪ್ಪೆಲ್ ಕಂಪನಿಯ ನಿಯರ್ ಫೀಲ್ಡ್ ಸ್ಕ್ಯಾನರ್ (ಸ್ಪೀಕರನ್ನು ಹತ್ತಿರದಿಂದಲೇ ಅಳೆಯುವ ಯಂತ್ರ) ಕೂಡ ಹೀಗೇ: ಸ್ಪೀಕರ್ ಕದಲುವುದಿಲ್ಲ, ಮೈಕ್ ಅದರ ಸುತ್ತ ತಿರುಗುತ್ತದೆ.

ಸಾಮಾನು ದೊಡ್ಡ ವಿಷಯವಲ್ಲ. ನೇಮಾ 17 ಅಳತೆಯ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್), ಜಿಟಿ2 ಅನ್ನೋ ಹಲ್ಲಿನ ಬೆಲ್ಟ್, 20 ಹಲ್ಲಿನ ಪುಲ್ಲಿ, ಆರ್ಡುಯಿನೋ ಅನ್ನೋ ಸಣ್ಣ ಬೋರ್ಡು, ಅದರಲ್ಲಿ ಮೋಟಾರ್ ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್. ಕೆಟ್ಟು ಕೂತ 3ಡಿ ಪ್ರಿಂಟರ್ ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು. ಬೆಲ್ಟಿನ ಹಲ್ಲುಗಳ ಅಂತರ 2 ಮಿಮೀ, ಹಾಗಾಗಿ ಒಂದು ಸುತ್ತಿಗೆ 40 ಮಿಮೀ. ಮೋಟಾರ್ ಸುತ್ತಿಗೆ 200 ಹೆಜ್ಜೆ ಹಾಕುತ್ತದೆ, ಅಂದರೆ ಹೆಜ್ಜೆಗೆ 0.2 ಮಿಮೀ. 20 ಕಿಲೋಹರ್ಟ್ಸ್ ಸದ್ದಿನ ಅಲೆ ಸುಮಾರು 17 ಮಿಮೀ ಉದ್ದ. 0.2 ಮಿಮೀ ಆಚೀಚೆ ಆದರೆ ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನೋದು, ಇಡೀ ಅಲೆಗೆ 360 ಡಿಗ್ರಿ) 4 ಡಿಗ್ರಿ ತಪ್ಪುತ್ತದೆ, ಅಷ್ಟೇ. ಇನ್ನೂ ನಿಖರತೆ ಬೇಕು ಅಂತ ಸುಮ್ನೆ ದುಡ್ಡು ಸುರಿಯಬೇಡಿ.

ಕಷ್ಟ ಇರೋದು ಮೈಕ್ ಅಲ್ಲಾಡದ ಹಾಗೆ, ಸದ್ದಿಲ್ಲದ ಹಾಗೆ ನಿಲ್ಲಿಸೋದರಲ್ಲಿ. ಸ್ಟೆಪ್ಪರ್ ನಿಂತಿದ್ದರೂ ಕರೆಂಟ್ ಹರಿಯುತ್ತಿದ್ದರೆ ಸಣ್ಣಗೆ ಕುಂಯ್‌ಗುಡುತ್ತದೆ, ಅದನ್ನು ಮೈಕ್ ಹಿಡಿದೇ ಹಿಡಿಯುತ್ತದೆ. ಜಿಆರ್‌ಬಿಎಲ್‌ನಲ್ಲಿ $1 ಅನ್ನೋ ಸೆಟ್ಟಿಂಗ್ 255 ಆಗಿದ್ದರೆ ಮೋಟಾರಿಗೆ ಸದಾ ಕರೆಂಟ್ ಇರುತ್ತದೆ. ಅದನ್ನು ಕಡಿಮೆ ಮಾಡಿ, ಮೈಕ್ ನಿಂತ ಕೂಡಲೇ ಮೋಟಾರಿನ ಕರೆಂಟ್ ನಿಂತುಬಿಡುತ್ತದೆ. ಆದರೆ ಮೇಲೆ ಕೆಳಗೆ ಹೋಗುವ ದಿಕ್ಕಿಗೆ ಬೆಲ್ಟ್ ಹಾಕಿದ್ದರೆ ಕರೆಂಟ್ ನಿಂತಾಗ ಮೈಕ್ ಜಾರಿ ಬೀಳುತ್ತದೆ. ಅಲ್ಲಿ ಸುತ್ತಿಗೆ 2 ಮಿಮೀ ಏರುವ ಲೀಡ್ ಸ್ಕ್ರೂ (ತಿರುಗಿದಂತೆ ಗಾಡಿಯನ್ನು ಏರಿಸಿ ಇಳಿಸುವ ಉದ್ದನೆ ತಿರುಪು) ಹಾಕಿ. 8 ಮಿಮೀ ಏರುವುದನ್ನು ನಂಬಬೇಡಿ, ಭಾರಕ್ಕೆ ತಾನೇ ಇಳಿಯಬಹುದು.

ಮೈಕನ್ನು ಮೋಟಾರ್ ಸರಿಸುವ ಗಾಡಿಗೇ ಕಟ್ಟಬೇಡಿ. ಮೈಕಿನ ಹಿಂದೆ 5 ಸೆಂಮೀ ದೂರದಲ್ಲಿ ತಗಡು ಇದ್ದರೆ ಅದಕ್ಕೆ ಬಡಿದು ಬರುವ ಸದ್ದು 1.7 ಕಿಲೋಹರ್ಟ್ಸ್ ಹತ್ತಿರ ಗ್ರಾಫಿನಲ್ಲಿ ಗುಂಡಿ ತೋಡುತ್ತದೆ. ಅದು ಸ್ಪೀಕರಿನ ದೋಷ ಅಂದುಕೊಂಡು, ವೂಫರ್ ಟ್ವೀಟರುಗಳಿಗೆ ಸದ್ದು ಹಂಚುವ ಕ್ರಾಸ್‌ಓವರ್ ಬದಲಿಸುತ್ತಾ ಕೂರಬೇಕಾಗುತ್ತದೆ. ಅರ್ಧ ಮೀಟರಿನ ತೆಳು ರಾಡ್ ಮುಂದಕ್ಕೆ ಚಾಚಿ, ಅದರ ತುದಿಗೆ ಮೈಕ್ ಸಿಕ್ಕಿಸಿ. ಗಾಡಿಗೆ ಹಳೇ ಕಂಬಳಿ ತುಂಡು ಸುತ್ತಿ. ರಾಡ್ ಉದ್ದ ಆದಷ್ಟೂ ತೂಗಾಡುತ್ತದೆ, ಹಾಗಾಗಿ ಅಡಿಪಾಯ ಭಾರ ಇರಲಿ. ಅದಕ್ಕೆ ನಮ್ಮ ಶಹಾಬಾದ್ ಪರಸಿಗಿಂತ ಒಳ್ಳೇದು ಬೇಕಾ? ಎರಡಡಿ ಚೌಕ, ಇಂಚು ದಪ್ಪದ ಕಲ್ಲೇ 20 ಕಿಲೋ ದಾಟುತ್ತದೆ.

ಪೈಥಾನ್‌ನಲ್ಲಿ ಮೈಕ್ ಸರಿಸಿ ಅಳೆಯುವ ಪ್ರೋಗ್ರಾಂ ಬರೆಯುವಾಗ ಒಂದು ನೆನಪಿಡಿ. ಜಿಆರ್‌ಬಿಎಲ್ 'ಓಕೆ' ಅಂದರೆ ಆಜ್ಞೆ ತಗೊಂಡೆ ಅಂತ, ಮೈಕ್ ತಲುಪಿತು ಅಂತಲ್ಲ. ಸರಿಸುವ ಆಜ್ಞೆಯ ಹಿಂದೆಯೇ 'ಜಿ4 ಪಿ3' ಕಳಿಸಿ. ಆಗ ಮೈಕ್ ತಲುಪಿ, ಮೂರು ಸೆಕೆಂಡ್ ಕಳೆದ ಮೇಲೆಯೇ ಅದರ ಓಕೆ ಬರುತ್ತದೆ. ಅಷ್ಟರಲ್ಲಿ ತೂಗಾಟವೂ ನಿಂತಿರುತ್ತದೆ. ನಡುವೆ ಕರೆಂಟ್ ಹೋದರೆ ಮೋಟಾರಿಗೆ ತಾನೆಲ್ಲಿದ್ದೆ ಅನ್ನೋದು ಗೊತ್ತಿರುವುದಿಲ್ಲ. ಎರಡೂ ದಿಕ್ಕಿಗೆ ಲಿಮಿಟ್ ಸ್ವಿಚ್ (ಗಾಡಿ ತುದಿ ಮುಟ್ಟಿದಾಗ ಒತ್ತಿಕೊಳ್ಳುವ ಸ್ವಿಚ್) ಹಾಕಿ, ಶುರುವಿನ ಜಾಗ ಮತ್ತೆ ಸಿಗುತ್ತದೆ.

ಇನ್ನು ನಮ್ಮೂರಿನ ಬಿಸಿಲು. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40ರಲ್ಲಿ ಸುಮಾರು 355. ಬೇಸಿಗೆಯಲ್ಲಿ ಬೆಳಿಗ್ಗೆ 30 ಡಿಗ್ರಿಯಲ್ಲಿ ಶುರು ಮಾಡಿ 40 ಆಗುವವರೆಗೂ ಅಳೆದಿರಿ ಅನ್ನಿ. ಒಂದು ಮೀಟರ್ ದೂರದ ಮೈಕಿಗೆ ಸದ್ದು ಸುಮಾರು 46 ಮೈಕ್ರೋಸೆಕೆಂಡ್ ಬೇಗ ಮುಟ್ಟುತ್ತದೆ. 20 ಕಿಲೋಹರ್ಟ್ಸ್‌ನ ಒಂದು ಇಡೀ ಅಲೆಗೆ ಹಿಡಿಯೋದೇ 50! ಬೆಲ್ಟ್ ಎಷ್ಟು ನಿಖರವಾಗಿದ್ದರೂ ಮೊದಲ ಅಳತೆಗೂ ಕೊನೆಯದಕ್ಕೂ ಫೇಸ್ ತಾಳೆಯಾಗುವುದಿಲ್ಲ. ಬೆಳಕು ಹರಿಯುವ ಮೊದಲೇ ಮುಗಿಸಿ. ಆಗ ಗಾಳಿಯೂ ಕಡಿಮೆ, ರಸ್ತೆ ಮೇಲಿನ ಗಾಡಿಗಳ ಸದ್ದೂ ಇಲ್ಲ. ಪ್ರತಿ ಅಳತೆ ಜೊತೆ ಉಷ್ಣಾಂಶ ಬರೆದುಕೊಳ್ಳಿ. ಕೊನೆಗೆ ಶುರುವಿನ ಜಾಗಕ್ಕೇ ಮೈಕ್ ತಂದು ಇನ್ನೊಮ್ಮೆ ಅಳೆದು ಹೋಲಿಸಿ.

ಫೇಸ್ ಬೇಕು ಅಂದರೆ ಯುಎಸ್‌ಬಿ ಮೈಕ್ ಬೇಡ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್ ತಗೊಳ್ಳಿ. ಒಂದಕ್ಕೆ ಮೈಕ್, ಇನ್ನೊಂದಕ್ಕೆ ಔಟ್‌ಪುಟ್‌ನಿಂದಲೇ ಒಂದು ವೈರ್ ವಾಪಸ್ ಎಳೆಯಿರಿ. ಸಮಯದ ಲೆಕ್ಕ ಅದರಿಂದ ಸಿಗುತ್ತದೆ.

ನಿಮ್ಮ ಬಾಕ್ಸ್ ಎಷ್ಟು ಎತ್ತರ, ವೂಫರ್ ಎಷ್ಟು ಇಂಚು ಅಂತ ಬರೆಯಿರಿ. ಮೈಕ್ ಎಷ್ಟು ದೂರ ಓಡಾಡಬೇಕು, ಬೆಲ್ಟ್ ಎಷ್ಟು ಉದ್ದ ತರಬೇಕು ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.