ಓದುಗರ ಪ್ರಶ್ನೆ: ಹಿರಿಯರ ಕಾಲಿಗೆ ಒಗ್ಗುವ ಪಾರ್ಕ್

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಇಂಟರ್‌ಲಾಕ್ ದಾರಿ ಇದೆ. ಮಳೆ ಹಿಡಿದರೆ ಪಾಚಿ ಕಟ್ಟಿ ವಯಸ್ಸಾದವರು ಕಾಲಿಡುವ ಹಾಗಿಲ್ಲ. ಏನು ಮಾಡಿಸಬೇಕು?
– ವಿನೋಬನಗರ, ಶಿವಮೊಗ್ಗ

ಉತ್ತರ: ‘ಜಾರುತ್ತದೆ’ ಅಂತಷ್ಟೇ ಅರ್ಜಿ ಕೊಟ್ಟರೆ ಬ್ಲೀಚಿಂಗ್ ಪೌಡರ್ ಎರಚಿ ಹೋಗುತ್ತಾರೆ, ಕೆಲವೇ ದಿನಕ್ಕೆ ಮತ್ತೆ ಹಸಿರು. ಪಾಚಿ ಬೆಳೆಯುವುದು ನೀರು ನಿಂತು, ಬಿಸಿಲು ಬೀಳದೆ. ಆದ್ದರಿಂದ ಮೊದಲು ದಾರಿಗೆ ಬಾಗಿರುವ ಕೆಳಗಿನ ರೆಂಬೆಗಳನ್ನು ಮೇ ತಿಂಗಳೊಳಗೆ ಸವರಿಸಿ. ಮರ ಕಡಿಯುವುದು ಬೇಡ, ಬೆಳಗಿನ ಬಿಸಿಲು ನೆಲ ಮುಟ್ಟಿದರೆ ಸಾಕು. ಆಮೇಲೆ ಇಳಿಜಾರು. ಐದು ಅಡಿ ಅಗಲದ ದಾರಿಯ ಒಂದು ಅಂಚು ಇನ್ನೊಂದಕ್ಕಿಂತ ಒಂದು ಇಂಚಿನಷ್ಟು ತಗ್ಗಿರಬೇಕು, ಆ ಬದಿಗೆ ಚರಂಡಿ ಇರಬೇಕು. ಇದಕ್ಕಿಂತ ಹೆಚ್ಚು ವಾಲಿಸಿದರೆ ಊರುಗೋಲು ಹಿಡಿದವರಿಗೆ, ವೀಲ್‌ಚೇರಿನವರಿಗೆ ಕಷ್ಟ.

ಜಾರುವುದಕ್ಕಿಂತ ಎಡವುವುದೇ ದೊಡ್ಡ ಅಪಾಯ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಟರ್‌ಲಾಕಿನ ಅಡಿ ಒಂದೂವರೆ ಇಂಚಿನಷ್ಟು ಮರಳಿನ ಹಾಸು ಇರುತ್ತದೆ. ಎರಡೂ ಅಂಚಿಗೆ ಕಾಂಕ್ರೀಟ್ ಕಟ್ಟೆ ಇಲ್ಲದಿದ್ದರೆ ನಮ್ಮ ಜಡಿಮಳೆಗೆ ಆ ಮರಳು ಕೊಚ್ಚಿಹೋಗಿ ಒಂದೆರಡು ಬ್ಲಾಕ್ ಕುಸಿಯುತ್ತವೆ, ಅರ್ಧ ಇಂಚಿನ ಏಣು ಏಳುತ್ತದೆ. ವಯಸ್ಸಾದಂತೆ ಹೆಜ್ಜೆಯನ್ನು ಎತ್ತಿ ಇಡುವುದು ಕಡಿಮೆ, ಸವರಿಕೊಂಡು ನಡೆಯುವುದು ಹೆಚ್ಚು. ಅರ್ಧ ಇಂಚೇ ಸಾಕು ಬೀಳಲು. ಮೇಲೆ ಸಿಮೆಂಟ್ ಮೆತ್ತಿಸಬೇಡಿ. ಕುಸಿದ ಬ್ಲಾಕ್ ಎತ್ತಿ, ಮರಳು ತುಂಬಿ, ದಮ್ಮಸು ಮಾಡಿ, ಅಂಚುಕಟ್ಟೆ ಹಾಕಿಸಿ.

ತೊಳೆಯಲು ಹತ್ತು ಲೀಟರ್ ನೀರಿಗೆ ಇನ್ನೂರು ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಸುರಿದು, ಕಾಲು ಗಂಟೆ ಬಿಟ್ಟು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಧಾರಾಳ ನೀರು ಹಾಯಿಸಿ. ಉಜ್ಜದೆ ಬಿಟ್ಟರೆ ಸತ್ತ ಪಾಚಿ ಇನ್ನೂ ಹೆಚ್ಚು ಜಾರುತ್ತದೆ. ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಹೊಸದಾಗಿ ಹಾಕಿಸುವುದಾದರೆ ಕಸಬರಿಕೆ ಗೆರೆ ಎಳೆದ ಒರಟು ಕಾಂಕ್ರೀಟ್ ಒಳ್ಳೆಯದು. ಜಂಬಿಟ್ಟಿಗೆ ನೋಡಲು ಚೆಂದ, ಆದರೆ ನೀರು ಹೀರಿ ಹಾವಸೆ ಕಟ್ಟುತ್ತದೆ.

ಪ್ರಶ್ನೆ: ಕಲ್ಲುಬೆಂಚುಗಳು ಬೇಕಾದಷ್ಟಿವೆ, ಆದರೆ ಹಿರಿಯರು ಕೂರುವುದಿಲ್ಲ. ಯಾಕೆ?
– ಗೋಪಾಳ

ಉತ್ತರ: ಕೂರಬಹುದು, ಏಳಲಾಗುವುದಿಲ್ಲ. ದಾನಿಗಳ ಹೆಸರು ಕೆತ್ತಲು ಜಾಗ ಬಿಟ್ಟಿರುತ್ತಾರೆ, ಕೈ ಊರಲು ಬಿಟ್ಟಿರುವುದಿಲ್ಲ. ಆಸನ ನೆಲದಿಂದ ಹದಿನೆಂಟು ಇಂಚು ಎತ್ತರ, ಹದಿನಾರು ಇಂಚು ಆಳ, ಆಸನದಿಂದ ಎಂಟು ಇಂಚು ಮೇಲೆ ಎರಡೂ ಕಡೆ ತೋಳು, ಬೆನ್ನಿಗೆ ಒರಗು. ಬೆಂಚಿನ ಅಡಿ ಮುಂಭಾಗ ಖಾಲಿ ಇರಲಿ. ಏಳುವಾಗ ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಗಾರೆ ಕಟ್ಟಿ ಮುಚ್ಚಿದರೆ ಆಗುವುದಿಲ್ಲ. ಐವತ್ತು ಮೀಟರಿಗೊಂದು ಇದ್ದರೆ ಮಂಡಿನೋವಿನವರೂ ಧೈರ್ಯವಾಗಿ ಒಂದು ಸುತ್ತು ಹಾಕುತ್ತಾರೆ.

ಮಳೆಗಾಲಕ್ಕೆ ಒಂದೆರಡು ಬೆಂಚುಗಳ ಮೇಲೆ ಹೆಂಚಿನ ಮಾಡು ಬೇಕು. ಇಲ್ಲಿ ಮಳೆ ನೈಋತ್ಯದಿಂದ ಓರೆಯಾಗಿ ಹೊಡೆಯುತ್ತದೆ. ಆ ದಿಕ್ಕಿಗೆ ಗೋಡೆ ಇಡಿ, ಸೂರು ಮೂರಡಿ ಮುಂದೆ ಚಾಚಿರಲಿ. ನಾಲ್ಕು ಕಂಬ ನೆಟ್ಟು ಚಪ್ಪರದಂತೆ ಬಿಟ್ಟರೆ ಆಷಾಢದಲ್ಲಿ ಬೆಂಚು ಒಣಗುವುದೇ ಇಲ್ಲ.

ಪ್ರಶ್ನೆ: ಹಿರಿಯರಿಗಾಗಿ ಓಪನ್ ಜಿಮ್ ಹಾಕಿಸುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬೇಕೇ?
– ಸಾಗರ

ಉತ್ತರ: ಅದೇ ದುಡ್ಡಿಗೆ ಒಂದು ಶೌಚಾಲಯ ಕೇಳಿ. ಮೂತ್ರದ ಒತ್ತಡ, ಸಕ್ಕರೆ ಕಾಯಿಲೆ ಇರುವವರು ಪಾರ್ಕಿಗೆ ಬರದಿರಲು ಅದು ಇಲ್ಲದಿರುವುದೂ ಒಂದು ಕಾರಣ. ಒಳಗೆ ಕಮೋಡ್, ಪಕ್ಕದ ಗೋಡೆಗೆ ಹಿಡಿ, ಹೊರಕ್ಕೆ ತೆರೆಯುವ ಬಾಗಿಲು ಇರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ಆಗ ತೆಗೆಯಬಹುದು. ಜಿಮ್ ಹಾಕುವುದೇ ಆದರೆ ಸೊಂಟ ತಿರುಗಿಸುವ ಯಂತ್ರ ಬೇಡ, ಬೆನ್ನು-ಸೊಂಟದ ತೊಂದರೆ ಇದ್ದವರಿಗೆ ಅಪಾಯ. ಬೇರಿಂಗಿಗೆ ಗ್ರೀಸ್ ಹಾಕುವವರು ಯಾರು ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ತುಕ್ಕು ಹಿಡಿದು ನಿಲ್ಲುತ್ತದೆ.

ಗೇಟಿನ ಮೆಟ್ಟಿಲನ್ನೂ ನೋಡಿ. ಆರು ಇಂಚಿನ ಮೆಟ್ಟಿಲಿಗೆ ಕನಿಷ್ಠ ಆರು ಅಡಿ ಉದ್ದದ ರ‍್ಯಾಂಪ್ ಬೇಕು. ಬೈಕು, ದನ ತಡೆಯಲು ನೆಟ್ಟ ಕಂಬಗಳ ನಡುವೆ ಮೂರಡಿ ಬಿಡಲಿ.

ಪ್ರಶ್ನೆ: ಊರಂಚಿನ ಟ್ರೀ ಪಾರ್ಕಿಗೆ ಬೇಸಗೆಯಲ್ಲಿ ಹಿರಿಯರು ಹೋಗಬಹುದೇ? ಮಂಗನ ಕಾಯಿಲೆಯ ಭಯ.
– ತೀರ್ಥಹಳ್ಳಿ

ಉತ್ತರ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಮೊದಲು ಪತ್ತೆಯಾದ ಈ ಜ್ವರ ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಸುತ್ತಮುತ್ತ ಪ್ರಕರಣ ಬಂದಿದ್ದರೆ, ಮಂಗ ಸತ್ತಿದ್ದರೆ ಹೋಗಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಳಿದಂತೆ ಹೋಗಬಹುದು, ಆದರೆ ದರಗಿನ ಮೇಲೆ ಕೂರುವುದು ಬೇಡ, ಬೆಂಚೇ ಸರಿ. ಉದ್ದ ಕೈಯಂಗಿ, ಪ್ಯಾಂಟು ತೊಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಮನೆಯವರು ಒಮ್ಮೆ ನೋಡಲಿ, ಕನ್ನಡಕವಿಲ್ಲದ ಕಣ್ಣಿಗೆ ಮರಿ ಉಣುಗು ಕಾಣುವುದಿಲ್ಲ.