ಪೈಪು ಕಿರಿದಾದರೆ ನೀರು ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮ ಹೊಲದ ಬೋರ್‌ವೆಲ್‌ನ ನಾಲ್ಕು ಇಂಚಿನ ಪೈಪು ಮುಂದೆ ಎರಡು ಇಂಚಿಗೆ ಇಳಿಯುತ್ತದೆ. ಅಲ್ಲಿ ನೀರು ರಭಸದಿಂದ ಚಿಮ್ಮುವುದರಿಂದ ಹೆಚ್ಚು ನೀರು ಸಿಗುತ್ತಿದೆಯೆಂದು ತಿಳಿಯಬಹುದೇ?
– ಓದುಗರೊಬ್ಬರು, ಮುಂಡರಗಿ

ಉತ್ತರ: ತಿಳಿಯಲಾಗದು. ಒಂದು ಸೆಕೆಂಡಿನಲ್ಲಿ ಪೈಪಿನ ಅಡ್ಡಕೊಯ್ತವನ್ನು ದಾಟುವ ದ್ರವ್ಯರಾಶಿಯೇ ದ್ರವ್ಯರಾಶಿ ಹರಿವಿನ ದರ. ಸಾಂದ್ರತೆ, ಅಡ್ಡಕೊಯ್ತದ ವಿಸ್ತೀರ್ಣ ಮತ್ತು ವೇಗಗಳನ್ನು ಗುಣಿಸಿದರೆ ಅದು ದೊರೆಯುತ್ತದೆ. ನಡುವೆ ಸೋರಿಕೆಯಿಲ್ಲದೆ ಹರಿವು ಒಂದೇ ಸಮನಾಗಿದ್ದರೆ, ಅಗಲ ಪೈಪಿನಲ್ಲಿ ಹೋದಷ್ಟೇ ನೀರು ಕಿರಿದಾದದ್ದರಲ್ಲೂ ಹೋಗಬೇಕು. ವ್ಯಾಸ ಅರ್ಧವಾದಾಗ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುವುದರಿಂದ ವೇಗ ನಾಲ್ಕು ಪಟ್ಟಾಗುತ್ತದೆ, ಅಷ್ಟೆ. ನಿಮ್ಮ ಪೈಪಿನ ಬಾಯಿಗೆ 200 ಲೀಟರಿನ ಬ್ಯಾರಲ್ ಇಟ್ಟು ನೋಡಿ: ಅದು 40 ಸೆಕೆಂಡಿನಲ್ಲಿ ತುಂಬಿದರೆ ದರ ಸೆಕೆಂಡಿಗೆ ಸುಮಾರು 5 ಕಿಲೋಗ್ರಾಂ, ಆಗ ನೀರಿನ ವೇಗ ನಾಲ್ಕು ಇಂಚಿನಲ್ಲಿ ಸೆಕೆಂಡಿಗೆ ಸುಮಾರು 0.6 ಮೀಟರ್, ಎರಡು ಇಂಚಿನಲ್ಲಿ ಸುಮಾರು 2.5 ಮೀಟರ್. ನಿಜ ಹೇಳಬೇಕೆಂದರೆ, ಕಿರಿದಾದ ಪೈಪು ಉದ್ದವಾದಷ್ಟೂ ಘರ್ಷಣೆ ಹೆಚ್ಚಿ, ಪಂಪು ಎತ್ತುವ ಒಟ್ಟು ನೀರೇ ಕಡಿಮೆಯಾಗುತ್ತದೆ.

ನೀರಿಗೆ ಲೀಟರಿನ ಲೆಕ್ಕವೂ ಸಾಕಾದೀತು, ಗಾಳಿಗೆ ಸಾಲದು; ಬಿಸಿಯಾದಾಗ ಗಾಳಿ ಹಿಗ್ಗಿ ಅದರ ಸಾಂದ್ರತೆ ಇಳಿಯುತ್ತದೆ. ನಿಮ್ಮ ಜಿಲ್ಲೆಯ ಗಾಳಿಯಂತ್ರಗಳ ರೆಕ್ಕೆಗಳನ್ನು ಅದೇ ವೇಗದ ಗಾಳಿ ದಾಟಿದರೂ, 15 ಡಿಗ್ರಿಯಲ್ಲಿರುವುದಕ್ಕಿಂತ 40 ಡಿಗ್ರಿ ಬಿಸಿಲಿನಲ್ಲಿ ಅದರ ದ್ರವ್ಯರಾಶಿ ಶೇಕಡಾ 8ರಷ್ಟು ಕಡಿಮೆಯಿರುತ್ತದೆ. ವಿದ್ಯುತ್ತೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ.